ತುರ್ತು ತರಬೇತಿಗೆ ನಟ ರೋಗಿಯೋ, ಮ್ಯಾನಿಕಿನ್ನೋ? ಮಾಡಿ ನೋಡಿದವರು ಹೇಳಿ

ಪ್ರಶ್ನೆ: ನಮ್ಮ ಎಮರ್ಜೆನ್ಸಿ ವಾರ್ಡಿಗೆ 12 ಹೊಸ ನರ್ಸ್‌ಗಳು ಬರುತ್ತಿದ್ದಾರೆ. ತರಬೇತಿಗೆ 6 ವಾರ ಇದೆ. ರೋಗಿಯ ಪಾತ್ರ ಮಾಡುವವರನ್ನು ಕರೆಸಬೇಕೋ, ಮ್ಯಾನಿಕಿನ್, ಅಂದರೆ ಮನುಷ್ಯನಾಕಾರದ ತರಬೇತಿ ಬೊಂಬೆ, ಸಾಕೋ?

ಟ್ರಯಾಜ್ ಅಕ್ಕ: ನಾವು ನಟರನ್ನೇ ಕರೆಸಿದೆವು, ಇವತ್ತಿಗೂ ನನಗೆ ಹೆಮ್ಮೆ ಇದೆ. ಒಂದೇ ಒಂದು ಎದೆನೋವಿನ ಸೀನಿಗೆ ಪಾತ್ರಧಾರಿಯನ್ನು ತಯಾರು ಮಾಡಲು 9 ಗಂಟೆ ಹಿಡಿಯಿತು. ಹಣೆಗೆ ಗ್ಲಿಸರಿನ್ ನೀರಿನ ಬೆವರು, ತುಟಿಗೆ ಬೂದು ಬಣ್ಣ. ಆ ಬಣ್ಣ 20 ನಿಮಿಷಕ್ಕೇ ಕರಗಿ ದಿಂಬಿಗೆಲ್ಲ ಮೆತ್ತಿಕೊಂಡಿತು, ಎರಡನೇ ಬ್ಯಾಚ್ ಬರುವಷ್ಟರಲ್ಲಿ ರೋಗಿ ಗುಂಡುಕಲ್ಲಿನ ಹಾಗೆ ಕಾಣುತ್ತಿದ್ದ. ಆದರೆ ಅವನು ಕೈ ಹಿಡಿದುಕೊಂಡು "ಸಿಸ್ಟರ್, ನಾನು ಸಾಯ್ತೀನಾ?" ಅಂದಾಗ ಆ ಹುಡುಗಿ ಇಸಿಜಿ ಲೀಡ್ ಹಿಡಿದು ಹಾಗೇ ನಿಂತುಬಿಟ್ಟಳು. ಮ್ಯಾನಿಕಿನ್ ಹಾಗೆ ಕೈ ಹಿಡಿಯುತ್ತಾ?

ಕೋಡ್ ಬ್ಲೂ: ಹಿಡಿಯಲ್ಲ, ಸರಿ. ಹೃದಯ ನಿಂತಾಗ ಎದೆ ಒತ್ತುವುದನ್ನು ಕಲಿಯುವುದು ಯಾರ ಮೇಲೆ? ಬದುಕಿರುವವರ ಎದೆಯನ್ನು 5 ಸೆಂಟಿಮೀಟರ್ ಒತ್ತಲು ಆಗುತ್ತಾ? ನಮ್ಮಲ್ಲಿ ನಟರ ಮೇಲೆ ಸುಮ್ನೆ ಮಾಡಿದ ಹಾಗೆ ಮಾಡಿಸಿದರು. ಮೂರು ತಿಂಗಳ ನಂತರ ನಿಜವಾದ ಕೇಸ್ ಬಂದಾಗ ಅದೇ ಹುಡುಗರು ಎದೆಯನ್ನು ಸವರುತ್ತಿದ್ದರು, ನಾನೇ ತಳ್ಳಿ ಒತ್ತಬೇಕಾಯಿತು. ಆಮೇಲೆ ಮ್ಯಾನಿಕಿನ್ ಬಂತು. ಅದರ ಸ್ಪ್ರಿಂಗ್ ಎರಡು ಸಲ ಮುರಿಯಿತು, ಶ್ವಾಸಕೋಶದ ಚೀಲ ಹರಿಯಿತು, ಬಿಡಿಭಾಗ ಬರಲು 7 ವಾರ. ಆದರೂ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಬೇಕು, 2 ನಿಮಿಷಕ್ಕೆ ಒತ್ತುವ ಆಳು ಬದಲಾಗಬೇಕು ಅನ್ನುವುದು ಕೈಗೆ ಕೂತಿದ್ದು ಅದರಿಂದಲೇ.

ಟ್ರಯಾಜ್ ಅಕ್ಕ: ನಟರ ಎದೆ ಒತ್ತಿಸಿ ಅಂತ ನಾನೆಲ್ಲಿ ಹೇಳಿದೆ? ರೋಗಿ ಕುಸಿದ ಕೂಡಲೇ ಪರದೆ ಎಳೆದು ಪಕ್ಕದ ಮಂಚದ ಮ್ಯಾನಿಕಿನ್‌ಗೆ ಹೋಗುತ್ತೇವೆ. ಪೂರ್ತಿ ಕೇಳಿಕೊಂಡು ಮಾತಾಡಿ.

ಕೋಡ್ ಬ್ಲೂ: ಪರದೆ ಎಳೆಯುವಷ್ಟರಲ್ಲಿ 10 ಸೆಕೆಂಡ್ ಹೋಯಿತಲ್ಲ! ನಾಡಿ ನೋಡಲೂ ಅದಕ್ಕಿಂತ ಜಾಸ್ತಿ ಕೊಡಬಾರದು.

ನೈಟ್ ಶಿಫ್ಟ್: ನಮ್ಮಲ್ಲಿ ರೋಗಿಯ ಪಾತ್ರ ಮಾಡಿ ಮಂಚದ ಮೇಲೆ ಮಲಗಿದ್ದವಳು ನಾನು. ಅಲರ್ಜಿಯಿಂದ ಉಸಿರು ಕಟ್ಟುವ ಸೀನು, ಒಂದೇ ದಿನ 8 ಸಲ. ಉಸಿರು ಎಳೆದೆಳೆದು ಬೆರಳು ಜೋಮು ಹಿಡಿಯಿತು, ತಲೆ ಸುತ್ತಿತು. ನಟನೆ ಅಂದುಕೊಂಡು ಯಾರೂ ನಿಲ್ಲಿಸಲಿಲ್ಲ. ಅದಕ್ಕಿಂತ ಕೆಟ್ಟದ್ದು, ಒಬ್ಬ ಹುಡುಗ ನಿಜವಾದ ಅಡ್ರಿನಾಲಿನ್ ಔಷಧಿಯನ್ನು ಸಿರಿಂಜಿಗೆ ಎಳೆದುಕೊಂಡು ಸೂಜಿಯನ್ನು ನನ್ನ ತೊಡೆಯವರೆಗೆ ತಂದಿದ್ದ. ತರಬೇತಿಯ ಔಷಧಿ ಟ್ರಾಲಿಯನ್ನು ಯಾರೂ ಬೇರೆ ಇಟ್ಟಿರಲಿಲ್ಲ.

ಹಳೇ ಇನ್‌ಚಾರ್ಜ್: ತಪ್ಪು ಆ ಹುಡುಗನದು. ಎಲ್ಲರ ಮುಂದೆ ನಾಲ್ಕು ಬೈದರೆ ಜನ್ಮದಲ್ಲಿ ಮರೆಯಲ್ಲ. ನಾವೆಲ್ಲ ಹಾಗೇ ಕಲಿತವರು.

ನೈಟ್ ಶಿಫ್ಟ್: ಬೈದರು ಸರ್. ಅವನು ವಾರದೊಳಗೆ ಕೆಲಸ ಬಿಟ್ಟ. ಟ್ರಾಲಿ ಮುಂದಿನ ತಿಂಗಳೂ ಅಲ್ಲೇ ಇತ್ತು.