ಅಪ್‌ಡೇಟ್: ಸಾಕ್ಸ್ ಮೇಲಿನ ಎಂಬ್ರಾಯ್ಡರಿ ಈಗ ಸುಕ್ಕಾಗ್ತಿಲ್ಲ

ತುಮಕೂರಿನ ಕಬಡ್ಡಿ ತಂಡದ ಸಾಕ್ಸ್‌ಗೆ ಹೆಸರು ಹಾಕಿದರೆ ಅಕ್ಷರ ಸುಕ್ಕಾಗುತ್ತೆ, ಕಾಲಿಗೆ ಏರಿಸುವಾಗ ದಾರ ಪಟ್ ಅಂತ ಕಿತ್ತು ಬರುತ್ತೆ ಅಂತ ಕೇಳಿದ್ದೆ. ಎರಡೂ ಸರಿಹೋಯ್ತು.

ಸಾಕ್ಸನ್ನು ಎಂಬ್ರಾಯ್ಡರಿ ಮೆಷಿನ್ನಿನ ಫ್ರೇಮಿಗೆ ಬಿಗಿಯಲೇಬಾರದು. ಎಳೆದು ಬಿಗಿದ ಬಟ್ಟೆ ಫ್ರೇಮ್ ಬಿಚ್ಚಿದ ತಕ್ಷಣ ಕುಗ್ಗುತ್ತೆ, ಹೊಲಿಗೆ ಕುಗ್ಗಲ್ಲ, ಸುಕ್ಕು ಅಲ್ಲಿಂದಲೇ. ಫ್ರೇಮಿಗೆ ಕಟ್-ಅವೇ ಬ್ಯಾಕಿಂಗ್ (ಅಡಿಗೆ ಹಾಕಿ, ಹೊಲಿದ ಮೇಲೆ ಅಂಚು ಕತ್ತರಿಸುವ ಗಟ್ಟಿ ಹಾಳೆ) ಮಾತ್ರ ಹಾಕಿ, ಸ್ಪ್ರೇ ಗಮ್ ಹೊಡೆದು ಸಾಕ್ಸ್ ಅಂಟಿಸಿ, ಸುತ್ತ ಬೇಸ್ಟಿಂಗ್ ಹೊಲಿಗೆ (ಆಮೇಲೆ ಬಿಚ್ಚುವ ತಾತ್ಕಾಲಿಕ ಉದ್ದ ಹೊಲಿಗೆ) ಓಡಿಸಿ. ಹರಿದು ತೆಗೆಯುವ ಪೇಪರ್ ಇದಕ್ಕೆ ಸಾಲದು. ಫ್ಲ್ಯಾಟ್ ಮೆಷಿನ್ (ಸಾಕ್ಸ್ ತೂರಿಸೋಕೆ ತೋಳಿಲ್ಲದ, ಚಪ್ಪಟೆ ಹಾಸಿನದು) ಇರೋರು ಸಾಕ್ಸ್ ಉಲ್ಟಾ ಮಾಡಿ, ಬಾಯಿ ಅಗಲಿಸಿ, ಮೇಲಿನ ಪದರವನ್ನು ಸುತ್ತಲೂ ಸುರುಳಿ ಸುತ್ತಿ ಕ್ಲಿಪ್ ಹಾಕಿ. ಇಲ್ಲದಿದ್ದರೆ ಎರಡು ಪದರವೂ ಸೇರಿ ಹೊಲಿದುಹೋಗುತ್ತೆ, ಬಿಚ್ಚೋದು ದೇವರಿಗೇ ಪ್ರೀತಿ.

ದಾರ ಕಿತ್ತು ಬರೋದಕ್ಕೆ ಮದ್ದು ದಾರದಲ್ಲಿಲ್ಲ, ಡಿಸೈನಿನಲ್ಲಿದೆ. ಸಾಕ್ಸ್ ಹೆಚ್ಚು ಹಿಗ್ಗೋದು ಅಡ್ಡಕ್ಕೆ. ಹಾಗಾಗಿ ಹೆಸರನ್ನು ಕಾಲಿನುದ್ದಕ್ಕೆ ನಿಲ್ಲಿಸಿ, ಮೇಲಿನ ಎಲಾಸ್ಟಿಕ್ ಪಟ್ಟಿ ಬಿಟ್ಟು ಕೆಳಗೆ ಹಾಕಿ. ಅಕ್ಷರದ ಎತ್ತರ 8 ಮಿ.ಮೀ.ಗಿಂತ ಕಡಿಮೆ ಬೇಡ. ಹೊಲಿಗೆ ಸಾಲುಗಳ ಅಂತರ 0.40 ಇದ್ದರೆ 0.45 ಮಿ.ಮೀ. ಮಾಡಿ, ಅಡಿಹೊಲಿಗೆ (ಅಕ್ಷರದ ಕೆಳಗೆ ಮೊದಲು ಬೀಳುವ ಆಧಾರದ ಹೊಲಿಗೆ) ತೆಗೆಯಬೇಡಿ.

ಸೂಜಿ 75/11 ಸೈಜಿನ ಬಾಲ್‌ಪಾಯಿಂಟ್, ಅಂದರೆ ತುದಿ ದುಂಡಗಿರೋದು. ಚೂಪು ಸೂಜಿ ಹೆಣಿಗೆಯ ಕುಣಿಕೆಯನ್ನೇ ಕತ್ತರಿಸುತ್ತೆ, ನಾಲ್ಕು ಒಗೆತಕ್ಕೆ ತೂತು ಗ್ಯಾರಂಟಿ. ಸ್ಪೀಡ್ ನಿಮಿಷಕ್ಕೆ 400–500 ಹೊಲಿಗೆ. ಮೇಲೆ ನೀರಿನಲ್ಲಿ ಕರಗುವ ಪ್ಲಾಸ್ಟಿಕ್ ಹಾಳೆ ಹಾಸಿ, ಇಲ್ಲದಿದ್ದರೆ ಹೊಲಿಗೆ ಗೆರೆಗಳೊಳಗೆ ಹೂತುಹೋಗುತ್ತೆ.

ಕೊನೆಗೆ ಬ್ಯಾಕಿಂಗನ್ನು ಹೊಲಿಗೆಯಿಂದ 5 ಮಿ.ಮೀ. ಬಿಟ್ಟು, ಮೂಲೆ ದುಂಡಗೆ ಕತ್ತರಿಸಿ. ಚೂಪು ಮೂಲೆ ಚರ್ಮಕ್ಕೆ ಚುಚ್ಚುತ್ತೆ.