ಏಳನೇ ತರಗತಿಯ ಮಗಳಿಗೆ ಯಾವ ವಿಜ್ಞಾನ ತರಬೇತಿ ಒಳ್ಳೆಯದು? ಅನುಭವ ಇರುವವರು ತಿಳಿಸಿ

ದಾವಣಗೆರೆಯ ತಾಯಿ:
ಮಗಳು ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ಟಾರ್ಚು, ಗಡಿಯಾರ, ಹಳೆಯ ರೇಡಿಯೊ, ಮನೆಯಲ್ಲಿ ಯಾವುದನ್ನೂ ಬಿಚ್ಚದೆ ಬಿಡುವುದಿಲ್ಲ. ನಮ್ಮ ಬಡಾವಣೆಯಲ್ಲಿ ಹೊಸದಾಗಿ ಆರಂಭವಾದ ಕೇಂದ್ರವೊಂದು ಮೂರು ತಿಂಗಳ ರೊಬೊಟಿಕ್ಸ್ ತರಬೇತಿಗೆ 14,000 ರೂಪಾಯಿ ಕೇಳುತ್ತಿದೆ. ನಮಗೆ ಅದು ಸಣ್ಣ ಮೊತ್ತವಲ್ಲ. ಸೇರಿಸಬಹುದೇ?

ಮೈಸೂರಿನ ತಂದೆ:
ಮೇಡಂ, ಹಣ ಕಟ್ಟುವ ಮುನ್ನ ಒಂದು ತರಗತಿಯಲ್ಲಿ ಮಗಳ ಜೊತೆ ಕುಳಿತು ನೋಡಿ. ನಾನು ಹಾಗೆ ಮಾಡಲಿಲ್ಲ. ಮಗ ಆರನೇ ತರಗತಿಯಲ್ಲಿದ್ದಾಗ ಇಂಥದೇ ಒಂದು ಕೇಂದ್ರಕ್ಕೆ ಸೇರಿಸಿದೆ. ಕೊನೆಯ ದಿನ ಕಪ್ಪು ಗೆರೆಯ ಮೇಲೆ ತಾನಾಗಿ ಓಡುವ ಪುಟ್ಟ ಕಾರು ತಂದ. ಮನೆಯವರೆಲ್ಲ ಹಿಗ್ಗಿದೆವು. ವಾರದ ನಂತರ ಒಂದು ತಂತಿ ಕಿತ್ತುಬಂತು. ಎಲ್ಲಿ ಸೇರಿಸಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಕಾರು ನೆಲದತ್ತ ಬಿಡುವ, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣವನ್ನು ಕಪ್ಪು ಬಣ್ಣ ಹೀರುತ್ತದೆ, ಬಿಳಿ ಹಿಂದಿರುಗಿಸುತ್ತದೆ, ಆ ವ್ಯತ್ಯಾಸದಿಂದಲೇ ಕಾರು ಗೆರೆಯನ್ನು ಗುರುತಿಸುತ್ತದೆ ಎಂಬುದನ್ನೂ ಯಾರೂ ಹೇಳಿರಲಿಲ್ಲ. ಪ್ರೋಗ್ರಾಂ ಮೊದಲೇ ತುಂಬಿಸಿಟ್ಟಿದ್ದರು. ಮಗ ಮಾಡಿದ್ದು ಸ್ಕ್ರೂ ತಿರುಗಿಸುವ ಕೆಲಸ ಮಾತ್ರ.

ಆಮೇಲೆ ಅವನೇ ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ. ಒಂದು ಚಕ್ರ ಹಿಂದಕ್ಕೆ ತಿರುಗತೊಡಗಿತು. ಎರಡು ದಿನ ಒದ್ದಾಡಿ, ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ ಎಂದು ಕಂಡುಕೊಂಡ. ರಾತ್ರಿ ಹನ್ನೊಂದಕ್ಕೆ ನನ್ನನ್ನು ಎಬ್ಬಿಸಿ ತೋರಿಸಿದ. ಮೂರು ತಿಂಗಳ ತರಬೇತಿಯಲ್ಲಿ ಅಂಥ ಒಂದು ಸಂಜೆಯೂ ಇರಲಿಲ್ಲ.

ಹಾವೇರಿ ಜಿಲ್ಲೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕ:
ತಾಯಿ, 14,000 ರೂಪಾಯಿಯನ್ನು ಸದ್ಯ ಹಾಗೆಯೇ ಇಟ್ಟುಕೊಳ್ಳಿ. ನಿಮ್ಮ ಊರಿನಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಖಂಡಿತ ಇರುತ್ತದೆ. ಅಲ್ಲಿ ಬಣ್ಣ ಲೇಪಿಸಿದ ತೆಳು ತಾಮ್ರದ ತಂತಿಯ ತುಂಡು ಒಂದೂವರೆ ಮೀಟರ್ ಕೇಳಿ ತನ್ನಿ. ಒಂದು ದೊಡ್ಡ ಟಾರ್ಚ್ ಸೆಲ್, ಎರಡು ಸೇಫ್ಟಿ ಪಿನ್ನು, ಹಳೆಯ ಸ್ಪೀಕರಿನ ಅಯಸ್ಕಾಂತ. ಸೆಲ್ಲಿನ ಸುತ್ತ ತಂತಿಯನ್ನು ಹತ್ತು ಸುತ್ತು ಸುತ್ತಿ ತೆಗೆದು, ಎರಡು ತುದಿಗಳನ್ನು ಎದುರುಬದುರಾಗಿ ಚಾಚಿ, ಸೆಲ್ಲಿನ ಎರಡು ಕೊನೆಗಳಿಗೆ ಅಂಟಿಸಿದ ಪಿನ್ನುಗಳ ಕಣ್ಣಿನಲ್ಲಿ ಕೂರಿಸಬೇಕು. ಅಯಸ್ಕಾಂತ ಕೆಳಗಿರಲಿ.

ಗುಟ್ಟು ಇರುವುದು ತುದಿ ಕೆರೆಯುವುದರಲ್ಲಿ. ಒಂದು ತುದಿಯ ಲೇಪವನ್ನು ಸುತ್ತಲೂ ಕೆರೆಯಬೇಕು, ಇನ್ನೊಂದರಲ್ಲಿ ಒಂದೇ ಮಗ್ಗುಲು. ಎರಡನ್ನೂ ಪೂರ್ತಿ ಕೆರೆದರೆ ಸುರುಳಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿದ ಬಲವೇ ಉಳಿದರ್ಧದಲ್ಲಿ ಹಿಂದಕ್ಕೆಳೆಯುತ್ತದೆ. ಆಗ ಸುರುಳಿ ತೊಟ್ಟಿಲಿನಂತೆ ತೂಗುತ್ತದೆ, ತಿರುಗುವುದಿಲ್ಲ. ಇದನ್ನು ಮೊದಲೇ ಹೇಳಬೇಡಿ. ನನ್ನ ಮಕ್ಕಳಿಗೆ ನಾನು ಹೇಳುವುದಿಲ್ಲ. ತೂಗಾಡುವ ಸುರುಳಿಯ ಮುಂದೆ ಅವರು ತಲೆ ಕೆರೆದುಕೊಳ್ಳುವ ಆ ಹದಿನೈದು ನಿಮಿಷ ನನಗೆ ವರ್ಷದ ಅತ್ಯಂತ ಬೆಲೆಬಾಳುವ ಪಾಠ. ತಂತಿ ಬಿಸಿಯಾಗುತ್ತದೆ, ಆದ್ದರಿಂದ ಸೆಲ್ಲಿಗೆ ಜೋಡಿಸಿಯೇ ಬಿಡಬಾರದು. ಗೋಡೆಯ ಪ್ಲಗ್ಗಿನ ಹತ್ತಿರಕ್ಕೂ ಇಂಥ ಪ್ರಯೋಗ ಹೋಗಕೂಡದು.

ಇನ್ನು ತರಬೇತಿಯ ಮಾತು. ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ 2016ರಲ್ಲಿ ಆರಂಭವಾಯಿತು. ಅದರಡಿ ಆಯ್ಕೆಯಾದ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್, ಅಂದರೆ ಮಕ್ಕಳು ತಾವೇ ಮಾಡಿ ಕಲಿಯುವ ಪ್ರಯೋಗಾಲಯ ತೆರೆಯಲು 20 ಲಕ್ಷ ರೂಪಾಯಿವರೆಗೆ ಅನುದಾನ. ಈ ಲ್ಯಾಬ್ 6ರಿಂದ 12ನೇ ತರಗತಿಯ ಮಕ್ಕಳಿಗಾಗಿಯೇ ಇದೆ. ಆರ್ಡುಯಿನೊ ಎಂಬ, ಪ್ರೋಗ್ರಾಂ ತುಂಬಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡು, ಬೆಳಕು, ಶಾಖದಂಥವನ್ನು ಗುರುತಿಸುವ ಸಂವೇದಕಗಳು, 3ಡಿ ಪ್ರಿಂಟರ್ ಇರುತ್ತವೆ. ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೆ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರನ್ನು ಹೋಗಿ ಕೇಳಿ. ನಾನು ಹಾಗೆ ಕೇಳಿಯೇ ತಿಂಗಳಿಗೊಂದು ಶನಿವಾರ ನಮ್ಮ ಮಕ್ಕಳನ್ನು ಕರೆದೊಯ್ಯುತ್ತಿದ್ದೇನೆ. ಕೆಲವು ಕಡೆ ಪೆಟ್ಟಿಗೆ ಒಡೆಯದ ಕಿಟ್‌ಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುವುದನ್ನೂ ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಪೋಷಕರು ಕೇಳತೊಡಗಿದರೆ ಬೀಗ ತೆರೆಯುತ್ತದೆ. ಮಗಳಿಗೆ ತನ್ನದೇ ಉಪಾಯ ಹೊಳೆದರೆ ಶಾಲಾ ಮಕ್ಕಳ ಹೊಸ ಉಪಾಯಗಳಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ಯೋಜನೆ ಇನ್‌ಸ್ಪೈರ್ ಮಾನಕ್‌ಗೆ ಶಾಲೆಯ ಮೂಲಕ ಕಳುಹಿಸಿ. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ.

ಬೆಂಗಳೂರಿನ ತಾಯಿ:
ಮೇಷ್ಟರ ಮಾತಿಗೆ ನನ್ನ ಸಹಮತವಿದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ರಜೆಯಲ್ಲಿ ಒಮ್ಮೆ ಕರೆತನ್ನಿ, ಇಡೀ ದಿನ ಇಟ್ಟುಕೊಂಡು ಬನ್ನಿ. ಜೊತೆಗೆ, ಖರ್ಚೇ ಇಲ್ಲದ ಒಂದು ಪ್ರಯೋಗ: ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ದಾವಣಗೆರೆ ಉತ್ತರಕ್ಕಿರುವುದರಿಂದ ಏಪ್ರಿಲ್‌ನಲ್ಲಿ ಅಲ್ಲಿ ನಾಲ್ಕೈದು ದಿನ ತಡ, ಆಗಸ್ಟ್‌ನಲ್ಲಿ ಅಷ್ಟೇ ಮುಂಚೆ. ತಾರಸಿಯ ಮೇಲೆ ದಿನವೂ ನೆರಳಿನ ಉದ್ದ ಅಳೆದು ಬರೆದಿಟ್ಟರೆ ದಿನಾಂಕವನ್ನು ಅವಳೇ ಹಿಡಿಯುತ್ತಾಳೆ.

ದಾವಣಗೆರೆಯ ತಾಯಿ:
ಎಲ್ಲರಿಗೂ ಕೃತಜ್ಞತೆಗಳು. ಕೇಂದ್ರದಲ್ಲಿ ಒಂದು ತರಗತಿ ಕುಳಿತು ನೋಡಲು ಕೇಳಿದೆ, ಒಪ್ಪಲಿಲ್ಲ. ಸೇರಿಸುತ್ತಿಲ್ಲ. ಪಿ.ಬಿ. ರಸ್ತೆಯ ರಿವೈಂಡಿಂಗ್ ಅಂಗಡಿಯವರು ತಂತಿಗೆ ಹಣ ತೆಗೆದುಕೊಳ್ಳಲಿಲ್ಲ. ಮಗಳನ್ನು ಒಳಗೆ ಕರೆದು, ಬಿಚ್ಚಿಟ್ಟ ಮೋಟಾರೊಂದನ್ನು ತೋರಿಸಿ ಕಳುಹಿಸಿದರು. ನಿನ್ನೆಯಿಂದ ನಮ್ಮ ಸುರುಳಿ ತೊಟ್ಟಿಲಿನಂತೆ ತೂಗುತ್ತಿದೆ. ಮೇಷ್ಟರೇ, ನಾನು ಇನ್ನೂ ಬಾಯಿ ಬಿಟ್ಟಿಲ್ಲ.