ದೂರ 5,540 ಕಿ.ಮೀ., ಟಿಕೆಟ್‌ನಲ್ಲಿ 8 ಗಂಟೆ: ಫ್ಲೈಟ್ ಡಿಸ್ಪ್ಯಾಚರ್‌ಗೆ (ನೆಲದಲ್ಲಿದ್ದು ಹಾರಾಟದ ಯೋಜನೆ ಹಾಕುವವರಿಗೆ) ಪ್ರಶ್ನೆಗಳು

ಕಿಟಕಿಸೀಟು: ಸರ್, ಲಂಡನ್ ಹೀಥ್ರೂ–ನ್ಯೂಯಾರ್ಕ್ ಜೆಎಫ್‌ಕೆ ದೂರ ಒಂದು ಕಡೆ 3,442 ಮೈಲಿ, ಇನ್ನೊಂದು ಕಡೆ 2,991. ಯಾವುದು ಸರಿ?

ಡಿಸ್ಪ್ಯಾಚರ್: ಎರಡೂ ಸರಿ. ಮೊದಲನೆಯದು ರಸ್ತೆಯ ಮೈಲಿ, ಎರಡನೆಯದು ನಾಟಿಕಲ್ ಮೈಲಿ (1.852 ಕಿ.ಮೀ.). ಅಂದರೆ ಸುಮಾರು 5,540 ಕಿ.ಮೀ.

ಗಾಳಿಪಟ: ವೇಗ ಗಂಟೆಗೆ 900 ಕಿ.ಮೀ. ಹಿಡಿದರೆ 5,540 ಭಾಗಿಸು 900 ಅಂದರೆ 6 ಗಂಟೆ 9 ನಿಮಿಷ. ಟಿಕೆಟ್‌ನಲ್ಲಿ ಲಂಡನ್ ಸಮಯ 11:00ಕ್ಕೆ ಹೊರಟು ನ್ಯೂಯಾರ್ಕ್ ಸಮಯ 14:00ಕ್ಕೆ ಇಳಿಯುತ್ತದೆ ಅಂತಿದೆ, ಅಂದರೆ 8 ಗಂಟೆ. ಕಂಪನಿಯವರು ಸುಮ್ಮನೆ ಸೇರಿಸಿರುತ್ತಾರೆ ಅಂತ ಮುಂದಿನ ವಿಮಾನ 14:30ಕ್ಕೆ ಬುಕ್ ಮಾಡಿದ್ದೇನೆ. ಬೇರೆ ಟಿಕೆಟ್.

ಡಿಸ್ಪ್ಯಾಚರ್: ಅದು ನಿಮಗೆ ಸಿಗುವುದಿಲ್ಲ. 11:00 ಅಂದರೆ ವಿಮಾನ ನಿಲ್ದಾಣದ ಗೇಟ್ ಬಿಡುವ ಹೊತ್ತು, ನೆಲ ಬಿಡುವ ಹೊತ್ತಲ್ಲ. ರನ್‌ವೇ ತಲುಪಿ ಸರದಿ ಕಾಯಲು 25 ನಿಮಿಷ ಇಡಿ. 10,000 ಅಡಿಯ ಕೆಳಗೆ ವೇಗ ಸಾಮಾನ್ಯವಾಗಿ 250 ನಾಟ್‌ಗೆ (ಗಂಟೆಗೆ 250 ನಾಟಿಕಲ್ ಮೈಲಿ) ಸೀಮಿತ. ಏರಿಕೆ, ಇಳಿಕೆ, ಸುತ್ತುದಾರಿಗೆ ಇನ್ನೊಂದು 15. ಎದುರುಗಾಳಿ 100 ಕಿ.ಮೀ. ಇದ್ದರೆ ನೆಲದ ಲೆಕ್ಕದಲ್ಲಿ ವೇಗ 800ಕ್ಕಿಳಿದು ಹಾರಾಟವೇ 6:55. ಇಳಿದು ಗೇಟ್ ಸೇರಲು 10. ಒಟ್ಟು 7:45. ನೀವು ಸುಮ್ಮನೆ ಸೇರಿಸಿದ್ದು ಅಂದುಕೊಂಡದ್ದರಲ್ಲಿ ನಿಜವಾಗಿ ಉಳಿಯುವುದು ಕಾಲು ಗಂಟೆ. 13:45ಕ್ಕೇ ಬಂದರೂ ಇಮಿಗ್ರೇಶನ್, ಲಗೇಜ್, ಕಸ್ಟಮ್ಸ್ ಬಾಕಿ. ಚೆಕ್-ಇನ್ ಕೌಂಟರ್ ಹೊರಡುವ 45 ನಿಮಿಷ, ಕೆಲವೆಡೆ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಟಿಕೆಟ್ ಬೇರೆಯಾದ್ದರಿಂದ ತಪ್ಪಿದರೆ ಎರಡನೇ ಕಂಪನಿ ಹೊಣೆಯಲ್ಲ. ಸಂಜೆ 6ರ ನಂತರದ್ದಕ್ಕೆ ಬದಲಿಸಿ. ಇವತ್ತೇ.

ಬುಗುರಿ: ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ತಲುಪುತ್ತದೆ ಅಂತ ಫಾರ್ವರ್ಡ್ ಬಂದಿತ್ತಲ್ಲ ಸರ್?

ಡಿಸ್ಪ್ಯಾಚರ್: ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಈ ದಾರಿಯಲ್ಲಿ ಪಶ್ಚಿಮಕ್ಕೆ ಹೋಗುವುದೇ ನಿಧಾನ, ಕಾರಣ ಜೆಟ್ ಸ್ಟ್ರೀಮ್, ಅಂದರೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ. ಅಂಥ ಫಾರ್ವರ್ಡ್ ನಂಬಿ ಟಿಕೆಟ್ ಕೊಳ್ಳಬೇಡಿ, ಇಲ್ಲಿ ಹಾಕಲೂ ಬೇಡಿ.

ಬುಗುರಿ: ಏನೇ ಆಗಲಿ, ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದೆ. ಲೆಕ್ಕ ಸಮ.

ಲೆಕ್ಕಿಗ: ಸಮ ಅಲ್ಲ. 800ರಲ್ಲಿ 6:55, 1000ದಲ್ಲಿ 5:32, ಒಟ್ಟು 12:27. ಗಾಳಿಯಿಲ್ಲದಿದ್ದರೆ 12:18. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ.

ಬುಗುರಿ: 9 ನಿಮಿಷಕ್ಕೆ ಇಷ್ಟು ಪಾಂಡಿತ್ಯವೇ?

ಲೆಕ್ಕಿಗ: ‘ಸಮ’ ಅಂದವರು ನೀವು.

ಬುಗುರಿ: ನಾನು ಕೇಳಿದ್ದು ಸರ್ ಅವರನ್ನ, ನಿಮ್ಮನ್ನಲ್ಲ.

ಹಿಂಬದಿಸೀಟು: ಒಂದು ಸಲಕ್ಕೆ ಎಷ್ಟು ಇಂಧನ ಬೇಕು ಸರ್?

ರಾತ್ರಿಪಾಳಿ: 11ಕ್ಕೆ ಹೊರಟು 2ಕ್ಕೆ ಇಳಿದರೆ ಮೂರೇ ಗಂಟೆ ಅಲ್ಲವೇ?

ಡಿಸ್ಪ್ಯಾಚರ್: ಎರಡೂ ಆಯಾ ಊರಿನ ಸಮಯ. ನ್ಯೂಯಾರ್ಕ್ 5 ಗಂಟೆ ಹಿಂದೆ. ಮಾರ್ಚ್‌ನಲ್ಲಿ ಎಚ್ಚರ: ಅಮೆರಿಕ ಎರಡನೇ ಭಾನುವಾರ ಗಡಿಯಾರ ಮುಂದಿಡುತ್ತದೆ, ಬ್ರಿಟನ್ ಕೊನೆಯ ಭಾನುವಾರ. ಆ ನಡುವೆ ವ್ಯತ್ಯಾಸ 4 ಗಂಟೆ.

ಗಾಳಿಪಟ: ಕೈಚೀಲ ಮಾತ್ರ ಇದ್ದರೆ 14:30 ಸಾಧ್ಯವೇ? ಬದಲಿಸಿದರೆ ದುಡ್ಡು ಹೋಗುತ್ತದೆ.

ಡಿಸ್ಪ್ಯಾಚರ್: ಇಲ್ಲ. ಇಮಿಗ್ರೇಶನ್ ಸಾಲು ಕೈಚೀಲ ನೋಡುವುದಿಲ್ಲ.

ಹಿಂಬದಿಸೀಟು: ಇಂಧನದ್ದು ಕೇಳಿದ್ದೆ...

ಹೊಸಬ: ಲಂಡನ್–ನ್ಯೂಯಾರ್ಕ್ ಎಷ್ಟು ದೂರ?

ಡಿಸ್ಪ್ಯಾಚರ್: ಮೇಲೆ ಓದಿ.